ಎರಡನೇ ಕೀ

ಪರದೆಯಲ್ಲಿ ಒಂದು ತೂತು ಮಾಡಿಕೊಡಿ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಸಂಬಳ ಜಾಸ್ತಿ ಕೇಳಲಿಲ್ಲ. ರಜೆ ಕೇಳಲಿಲ್ಲ. ಗಾಳಿ ಕೇಳಿದೆ.

ಯಜಮಾನ ಕುರ್ಚಿಯಿಂದ ಏಳಲೂ ಇಲ್ಲ. "ತೂತು ಮಾಡಿದ್ರೆ ಗಾಳಿ ಒಳಗೆ ಬರುತ್ತೆ, ಸರಿ. ನಿನ್ನ ಕಣ್ಣು ಹೊರಗೆ ಬರುತ್ತಲ್ಲ? ಬೇಡ" ಅಂದ.

ಅದು ಬೀಗ ಮತ್ತು ಬೀಗದ ಕೈ ಮಾರುವ ಅಂಗಡಿ. ಮುಂದೆ ಗಾಜಿನ ಕಪಾಟು, ಗಿರಾಕಿಗೆ ಸ್ಟೂಲು, ತಲೆಯ ಮೇಲೆ ಫ್ಯಾನು. ಹಿಂದೆ ದಪ್ಪ ಟಾರ್ಪಾಲಿನ ಪರದೆ. ಪರದೆಯ ಹಿಂದೆ ನಾನು. ಗಿರಾಕಿ ಮನೆಯ ಕೀ ತಂದು ಯಜಮಾನನ ಕೈಗೆ ಕೊಡುತ್ತಾನೆ. ಯಜಮಾನ ಅದನ್ನು ಪರದೆಯ ಅಡಿಯಿಂದ ಒಳಗೆ ತಳ್ಳುತ್ತಾನೆ, ನಾಯಿಗೆ ತಟ್ಟೆ ತಳ್ಳಿದ ಹಾಗೆ. ನಾನು ಅದಕ್ಕೆ ಇನ್ನೊಂದು ಮಾಡಿ ಅದೇ ಅಡಿಯಿಂದ ವಾಪಸ್ ತಳ್ಳುತ್ತೇನೆ. ಕೀ ಯಾರದ್ದು ಅಂತ ನನಗೆ ಗೊತ್ತಾಗಬಾರದು. ಕೀ ಮಾಡಿದವನು ಯಾರು ಅಂತ ಅವರಿಗೆ ಗೊತ್ತಾಗಬಾರದು. ಯಜಮಾನ ನನ್ನನ್ನು ಕರೆಯುತ್ತಿದ್ದದ್ದೇ 'ಒಳಗಿನೋನೆ' ಅಂತ. ಗಿರಾಕಿಗಳು ಒಳಗೆ ಮಿಷನ್ ಇದೆ ಅಂದುಕೊಂಡಿದ್ದರು. ತಪ್ಪೇನಿಲ್ಲ.

ಯಾಕೆ ಹೀಗೆ ಅಂದರೆ, ನಾವು ಹಳಿಯಾಚೆಯವರು. ರೈಲು ಹಳಿ ದಾಟಿದರೆ ನಮ್ಮ ಗಲ್ಲಿ. ಈಚೆ ಯಾರ ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಪೊಲೀಸರು ಹಳಿ ದಾಟುತ್ತಾರೆ. ಚಮಚ ಆಮೇಲೆ ಆ ಮನೆಯ ಸೋಫಾದ ಸಂದಿಯಲ್ಲೇ ಸಿಗುತ್ತದೆ. ನಮ್ಮ ಮುರಿದ ಬಾಗಿಲು, ಊದಿದ ಕೆನ್ನೆ ಮಾತ್ರ ಹಾಗೇ ಇರುತ್ತವೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಗಾದೆ ಕಟ್ಟಿದವನು ನಮ್ಮ ಗಲ್ಲಿ ನೋಡಿರಲಿಲ್ಲ. ನಮ್ಮಲ್ಲಿ ನಾವು ಹೆಗಲು ಮುಟ್ಟಿಕೊಳ್ಳುವುದಿಲ್ಲ. ಅವರೇ ಬಂದು ಮುಟ್ಟುತ್ತಾರೆ. ಲಾಠಿಯಲ್ಲಿ.

ಪರದೆಯ ಹಿಂದೆ ಒಬ್ಬ ಕೂರುವಷ್ಟು ಜಾಗ. ಕಾಲು ಚಾಚಿದರೆ ಟಾರ್ಪಾಲು ಅಲುಗುತ್ತದೆ, ಹೊರಗಿನಿಂದ "ಏಯ್" ಅಂತ ಕೂಗು ಬರುತ್ತದೆ. ಕೀಗೆ ಹಲ್ಲು ಕೊರೆಯುವ ಅರ ಆಡಿಸಿದಷ್ಟೂ ಹಿತ್ತಾಳೆ ಪುಡಿ ಏಳುತ್ತದೆ. ಉಗುರೊಳಗೆ ಹಿತ್ತಾಳೆ, ಮೂಗೊಳಗೆ ಹಿತ್ತಾಳೆ. ಬೆವರು ಹಸಿರಾಗಿ ಅಂಗಿಗೆ ಕೂರುತ್ತದೆ. ಅನ್ನ ತಿಂದರೂ ಹಿತ್ತಾಳೆಯ ರುಚಿ. ಉಗಿಯಲು ಹೊರಗೆ ಹೋಗುವ ಹಾಗಿಲ್ಲ, ಗಿರಾಕಿ ಇರುತ್ತಾರೆ. ನುಂಗಬೇಕು.

ಸಂಜೆ ಅಂಗಡಿ ಮುಚ್ಚುವಾಗ ತಪಾಸಣೆ. ಎರಡೂ ಅಂಗೈ ಚಾಚಬೇಕು. ಯಜಮಾನ ಬೆರಳ ಸಂದಿ ನೋಡುತ್ತಾನೆ. ಜೇಬು ಹೊರಗೆಳೆದು ತೋರಿಸಬೇಕು. ಬಾಯಿ ತೆರೆಯಬೇಕು. "ನಾಲಗೆ ಎತ್ತು." ಎತ್ತಬೇಕು. ಯಾರದೋ ಮನೆಯ ಕೀ ನನ್ನ ನಾಲಗೆ ಕೆಳಗೆ ಅಡಗಿರಬಹುದಂತೆ.

ನನಗಿಂತ ಮೊದಲು ಅಲ್ಲಿ ಕೂತಿದ್ದವನು ಅಪ್ಪ. ನಾನು ಚಿಕ್ಕವನಿದ್ದಾಗ ಅಪ್ಪ ಮನೆಗೆ ಬಂದು ಬಾಗಿಲಲ್ಲಿ ನಿಂತು, ಅಭ್ಯಾಸಬಲದಲ್ಲಿ ಎರಡೂ ಅಂಗೈ ಚಾಚುತ್ತಿದ್ದ. ಅದು ಆಟ ಅಂದುಕೊಂಡಿದ್ದೆ. ಕಲ್ಲು, ಬಾಟಲಿ ಮುಚ್ಚಳ, ಸಿಕ್ಕಿದ್ದನ್ನು ಆ ಅಂಗೈಗೆ ಹಾಕಿ ನಗುತ್ತಿದ್ದೆ. ಅಪ್ಪನೂ ನಗುತ್ತಿದ್ದ. ಒಂದು ದಿನ ಹಿತ್ತಾಳೆಯ ಚೂರು ಸಿಡಿದು ಅಪ್ಪನ ಎಡಗಣ್ಣಿಗೆ ನಾಟಿತು. ಯಜಮಾನ ಆಸ್ಪತ್ರೆಗೆ ಕಳಿಸಲಿಲ್ಲ. "ಮನೆಗೆ ಹೋಗು, ಮಗನನ್ನ ಕಳಿಸು" ಅಂದ. ನಾನು ಶಾಲೆ ಬಿಟ್ಟದ್ದು ಹಾಗೆ. ಬಿಟ್ಟೆ ಅನ್ನುವುದು ಸುಳ್ಳು. ಕಿತ್ತುಕೊಂಡರು.

ತೂತು ಕೇಳಿದ ಸಂಜೆ ಮನೆಯಲ್ಲಿ ಹೇಳಿದೆ. "ನಾನೇ ಒಂದು ಕೀ ಅಂಗಡಿ ಇಡ್ತೀನಿ. ಫುಟ್‌ಪಾತಿನ ಮೇಲೆ."

ಅಕ್ಕ ಒಲೆ ಮುಂದೆ ಇದ್ದವಳು ಜೋರಾಗಿ ನಕ್ಕಳು. ಅಮ್ಮ ಹೋದ ಮೇಲೆ ಮನೆ ನಡೆಸುವವಳು ಅವಳೇ. ಹಳಿಯೀಚೆಯ ಶಾಲೆಯೊಂದರಲ್ಲಿ ಕಸ ಗುಡಿಸುತ್ತಾಳೆ. "ಬೋರ್ಡು ಏನಂತ ಬರೆಸ್ತೀಯೋ? ಹಳಿಯಾಚೆಯವರ ನಂಬಿಕಸ್ಥ ಕೀ ಅಂಗಡಿ ಅಂತಾನಾ?"

"ನಗಬೇಡ ಕಣೇ."

"ನಗದೆ ಏನ್ ಮಾಡ್ಲಿ? ಬೆಕ್ಕು ಹಾಲಿನ ಡೈರಿ ಇಟ್ಟ ಹಾಗಾಯ್ತು, ಅವರ ಲೆಕ್ಕದಲ್ಲಿ."

ಅಪ್ಪ ನಗಲಿಲ್ಲ. ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಿದ. "ಅಂಗಡಿ ಇಡೋಕೆ ಕೈ ಸಾಲಲ್ಲ ಮಗಾ. ಮುಖ ಬೇಕು. ನಮ್ಮ ಹತ್ರ ಇರೋದು ಕೈ ಮಾತ್ರ."

"ಹಾಗಾದ್ರೆ ಸಾಯೋವರೆಗೂ ಟಾರ್ಪಾಲಿನ ಹಿಂದೆ ಕೂತಿರಲಾ?"

"ನಾನು ಕೂತಿದ್ದೆ. ಸತ್ತೆನಾ?"

"ಅರ್ಧ ಸತ್ತಿದ್ದೀಯ. ಒಂದು ಕಣ್ಣಿನಷ್ಟು."

ಅಪ್ಪ ಗೋಡೆ ಕಡೆ ತಿರುಗಿಕೊಂಡ. ಅಕ್ಕ ನನ್ನ ತಲೆಗೆ ಸೌಟಿನಿಂದ ಮೊಟಕಿದಳು. ಆದರೆ ನಾನು ಹೇಳಿದ್ದು ನಿಜ. ನಿಜ ಹೇಳಿದರೆ ನಮ್ಮ ಮನೆಯಲ್ಲಿ ಸೌಟಿನ ಏಟು, ಹೊರಗೆ ಲಾಠಿಯ ಏಟು.

ಅಂಗಡಿ ಇಡಲೋ ಬೇಡವೋ ಅಂತ ಬಹಳ ದಿನ ಒದ್ದಾಡಿದೆ. ಅರ ಆಡಿಸುವಾಗ ಇಡು ಅನ್ನಿಸುತ್ತಿತ್ತು. ಸಂಜೆ ನಾಲಗೆ ಎತ್ತುವಾಗ ಇಟ್ಟೇ ಇಡು ಅನ್ನಿಸುತ್ತಿತ್ತು. ಅಕ್ಕನ ಬಿರುಕುಬಿಟ್ಟ ಹಿಮ್ಮಡಿ ನೋಡಿದಾಗ ಬೇಡ ಅನ್ನಿಸುತ್ತಿತ್ತು. ನಾನು ಬಿದ್ದರೆ ಅವಳ ಮೇಲೆ ಬೀಳುತ್ತೇನೆ. ಬೇರೆ ಯಾವ ಕೆಲಸವಾದರೂ ನೋಡು ಅಂತ ಗಲ್ಲಿಯವರು ಅಂದರು. ಬೇರೆ ಯಾವ ಕೆಲಸ? ನನಗೆ ಬರುವುದು ಒಂದೇ. ಅದನ್ನು ಕತ್ತಲಲ್ಲಿ ಮಾಡಿದರೆ ಕಸುಬು, ಬೆಳಕಲ್ಲಿ ಮಾಡಿದರೆ ಕಳವು. ಇದು ಯಾವ ನ್ಯಾಯ?

ಒಂದು ಬೆಳಿಗ್ಗೆ ಅಪ್ಪ ಮಂಚದ ಅಡಿಯಿಂದ ಏನನ್ನೋ ಎಳೆಯುತ್ತಿದ್ದ. ನೋಡಿದರೆ ಅವನ ಹಳೆಯ ವೈಸು, ಕೀಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ. ಎಣ್ಣೆ ಹಾಕಿ ಒರೆಸಿದ್ದ. ಜೊತೆಗೆ ಎರಡು ಅರ. ನನ್ನ ಕಡೆ ಕಾಲಲ್ಲಿ ತಳ್ಳಿದ. ಹೊತ್ತುಕೊಂಡೆ.

ಇನ್ನು ಕೆಲಸಕ್ಕೆ ಬರುವುದಿಲ್ಲ ಅಂತ ಯಜಮಾನನಿಗೆ ಹೇಳಿದಾಗ ಅವನು ಬೈಯಲಿಲ್ಲ. ಮರುಕ ತೋರಿಸಿದ. ಅದು ಬೈಗುಳಕ್ಕಿಂತ ಕೆಟ್ಟದ್ದು. "ಹೋಗಪ್ಪ. ಪರದೆ ಹಾಕಿದ್ದು ನಿನ್ನ ಮುಚ್ಚೋಕೆ ಅಂದುಕೊಂಡಿದ್ದೀಯ. ನಿನ್ನ ಕಾಪಾಡೋಕೆ ಕಣೋ. ಹೊರಗೆ ಹೋಗಿ ನೋಡು, ಗೊತ್ತಾಗುತ್ತೆ."

ಅಕ್ಕನ ಶಾಲೆಯ ಕಾಂಪೌಂಡ್ ಗೋಡೆಗೆ ಒರಗಿಸಿ ಒಂದು ಮರದ ಪೆಟ್ಟಿಗೆ ಇಟ್ಟೆ. ಅದೇ ಬೀದಿ. ಯಜಮಾನನ ಅಂಗಡಿ ಅಲ್ಲಿಂದ ಕಾಣುತ್ತದೆ. ಪಕ್ಕದಲ್ಲಿ ಕೊಡೆ ರಿಪೇರಿ ಮಾಡುವ ತಾತ. ತಲೆಯ ಮೇಲೆ ಬಿಸಿಲು, ಮುಖಕ್ಕೆ ಬಸ್ಸಿನ ಹೊಗೆ. ಆದರೂ ಗಾಳಿ! ಮೊದಲ ದಿನ ಕೆಮ್ಮು ಬಂದಾಗ ಎದ್ದು ಹೋಗಿ ಚರಂಡಿಗೆ ಉಗಿದೆ. ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಉಗಿಯುವುದಕ್ಕೂ ಸ್ವಾತಂತ್ರ್ಯ ಬೇಕು.

ಗಿರಾಕಿಗಳು ಬಂದರು. ಬರಲಿಲ್ಲ ಅಂತ ಹೇಳುವುದಿಲ್ಲ. ಒಬ್ಬ ಸೂಟ್‌ಕೇಸಿನ ಕೀ ತಂದ. ಖಾಲಿ ಸೂಟ್‌ಕೇಸು. ಒಬ್ಬಾಕೆ ಬಚ್ಚಲುಮನೆಯ ಕೀ ತಂದಳು. ಒಬ್ಬ ತುಕ್ಕು ಹಿಡಿದ ಸೈಕಲ್ಲಿನ ಬೀಗ. ಆಮೇಲೆ ಕಸದ ಶೆಡ್ಡಿನ ಕೀ. ಮನೆಯ ಕೀ ಒಂದೂ ಇಲ್ಲ. ಮನೆಯ ಕೀ ಹಿಡಿದವರು ನನ್ನ ಮುಂದೆಯೇ ನಡೆದು ಯಜಮಾನನ ಅಂಗಡಿಗೆ ಹೋಗುತ್ತಿದ್ದರು.

"ಏನಪ್ಪಾ" ಅಂದ ಕೊಡೆ ತಾತ, "ಹೋದ್ರೆ ಹೋಗ್ಲಿ ಅನ್ನೋ ಸಾಮಾನಿನ ಕೀ ಎಲ್ಲಾ ನಿನಗೇ ಬರುತ್ತಲ್ಲ."

"ನಿನಗೆ ಮಾತ್ರ ಹೊಸ ಕೊಡೆ ತರ್ತಾರಾ ತಾತ?"

"ನನ್ನ ಹತ್ರ ಬರೋದು ಮುರಿದಿದ್ದೇ. ಆದ್ರೆ ಕೊಟ್ಟು ಹೋಗ್ತಾರೆ ಕಣೋ. ನಾಳೆ ಬರ್ತೀನಿ ಅಂತ ಬಿಟ್ಟು ಹೋಗ್ತಾರೆ. ನಿನ್ನ ಹತ್ರ ಬಚ್ಚಲ ಕೀಗೂ ಕಾವಲು ನಿಲ್ತಾರೆ."

ಕಾವಲು ನಿಲ್ಲುತ್ತಿದ್ದರು, ನಿಜ. ಆದರೆ ನನ್ನ ಕೈ ನೋಡುತ್ತಿರಲಿಲ್ಲ. ಬಚ್ಚಲ ಕೀ ಹೇಗೆ ಮಾಡುತ್ತಾನೆ ಅಂತ ಯಾರು ನೋಡುತ್ತಾರೆ? ಬಸ್ಸು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ಶಾಲೆಯ ಗೇಟಿನಿಂದ ಒಬ್ಬ ಟೀಚರಮ್ಮನನ್ನು ಕರೆದುಕೊಂಡು ಬಂದಳು. ಅಕ್ಕನ ಮುಖ ಅರಳಿತ್ತು. "ನನ್ನ ತಮ್ಮ, ಮೇಡಂ. ಇವನಷ್ಟು ನಯವಾಗಿ ಯಾರೂ ಮಾಡಲ್ಲ." ಟೀಚರಮ್ಮ ಚೀಲದಿಂದ ಕೀ ತೆಗೆದರು. ಮನೆಯ ಮುಂಬಾಗಿಲಿನ ಕೀ. ಅದನ್ನು ಪೆಟ್ಟಿಗೆಯ ಮೇಲೆ ಇಡಲಿಲ್ಲ, ಕೆಳಗಿನಿಂದ ತಳ್ಳಲಿಲ್ಲ. ನನ್ನ ಕೈಗೆ ಕೊಟ್ಟರು. ಕೀ ಇನ್ನೂ ಬೆಚ್ಚಗಿತ್ತು. ಹಳಿಯೀಚೆಯವರ ಮನೆಯ ಕೀ ಮೊದಲ ಸಲ ಕೈಯಿಂದ ಕೈಗೆ ಬಂತು. ಕೊಡೆ ತಾತ ಹೊಲಿಗೆ ನಿಲ್ಲಿಸಿ ನೋಡಿದ.

ನಾನು ಅತ್ಯಂತ ಚೆನ್ನಾಗಿ ಮಾಡಬೇಕು ಅಂದುಕೊಂಡೆ. ಅದೇ ತಪ್ಪಾಯಿತು.

ನಮ್ಮ ಕೆಲಸದ ಒಂದು ರೀತಿ ಇದೆ. ಹಲ್ಲು ಕೊರೆಯದ ಬೋಳು ಕೀ ತೆಳ್ಳಗಿರುತ್ತದೆ. ಒಂದೇ ಹಿಡಿದರೆ ಅರದ ಕೆಳಗೆ ನಡುಗುತ್ತದೆ, ಹಲ್ಲು ಓರೆಯಾಗುತ್ತದೆ. ಅದಕ್ಕೆ ಎರಡು ಬೋಳು ಕೀಗಳನ್ನು ಮೈಗೆ ಮೈ ತಾಗಿಸಿ, ಅಸಲಿ ಕೀ ಜೊತೆಗೆ ವೈಸಿನಲ್ಲಿ ಕಚ್ಚಿಸಿ, ಎರಡನ್ನೂ ಒಟ್ಟಿಗೆ ಕೊರೆಯುತ್ತೇವೆ. ಒಂದಕ್ಕೊಂದು ಆಸರೆ. ಆಮೇಲೆ ಎರಡರಲ್ಲಿ ನಯವಾದದ್ದು ಗಿರಾಕಿಗೆ. ಇನ್ನೊಂದನ್ನು ಆಗಲೇ ಇಕ್ಕಳದಿಂದ ತುಂಡು ಮಾಡಿ ಗುಜರಿ ಡಬ್ಬಕ್ಕೆ ಹಾಕುತ್ತೇವೆ. ಅಪ್ಪ ಹೀಗೇ ಮಾಡಿದ. ನನಗೆ ಹೀಗೇ ಕಲಿಸಿದ. ಯಜಮಾನನಿಗೆ ಗೊತ್ತು, ಡಬ್ಬದ ಹಿತ್ತಾಳೆ ಮಾರುವವನು ಅವನೇ. ಆದರೆ ಇದನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಪರದೆಯ ಹಿಂದಿನ ಕೆಲಸ ಪರದೆಯ ಮುಂದೆ ಹೇಗೆ ಕಾಣುತ್ತದೆ ಅಂತ ಅಪ್ಪನಿಗೂ ಹೊಳೆದಿರಲಿಲ್ಲ. ನನಗೂ ಹೊಳೆಯಲಿಲ್ಲ.

ಟೀಚರಮ್ಮ ಬಸ್ಸು ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು, ಪ್ರೀತಿಯಿಂದಲೇ. ನಾನು ವೈಸು ಸಡಿಲಿಸಿದೆ. ಅಸಲಿ ಕೀ ಅವರಿಗೆ ಕೊಟ್ಟೆ. ನನ್ನ ಅಂಗೈಯಲ್ಲಿ ಎರಡು ಹೊಸ ಕೀ ಹೊಳೆದವು.

"ನಾನು ಒಂದೇ ಕೇಳಿದ್ದಲ್ವಾ?" ಅಂದರು.

"ಒಂದೇ ಮೇಡಂ."

"ಇನ್ನೊಂದು ಯಾರಿಗೆ?"

ನನಗೆ ಪ್ರಶ್ನೆ ಅರ್ಥವಾಗಲೇ ಇಲ್ಲ. "ಯಾರಿಗೂ ಇಲ್ಲ, ಮೇಡಂ. ಅದು ನಮ್ದು" ಅಂದೆ. ನಮ್ಮ ಕೆಲಸದ್ದು ಅನ್ನಬೇಕಿತ್ತು. ಬಾಯಿಗೆ ಬಂದ ಹಾಗೆ ಅಂದೆ.

ಅವರ ಮುಖದ ಬಣ್ಣ ಹೋಯಿತು. ಆಮೇಲೆ ಕೂಗಿದರು. ಆ ಕೂಗಿಗೆ ಬೀದಿಯೇ ಬಂತು. ನಾನು ಇಕ್ಕಳ ತೆಗೆದುಕೊಂಡು ಎರಡನೇ ಕೀಯನ್ನು ಅವರ ಕಣ್ಣೆದುರೇ ತುಂಡು ಮಾಡಿದೆ. "ನೋಡಿ ಮೇಡಂ, ಹೀಗೆ ಮುರಿದು ಹಾಕ್ತೀವಿ, ಯಾವಾಗಲೂ ಹೀಗೇ." ಸಾಕ್ಷಿ ನಾಶ ಮಾಡ್ತಿದ್ದಾನೆ ಅಂತ ಯಾರೋ ಕೂಗಿದ. ಕೈ ತಿರುಚಿದರು. ಗುಜರಿ ಡಬ್ಬ ಬೋರಲು ಮಾಡಿದರು. ಹಿಂದೆ ಮಾಡಿದ ಕೀಗಳ ತುಂಡುಗಳು ಉರುಳಿದವು. ಒಬ್ಬ ಅವನ್ನು ಹೆಕ್ಕಿ ಎತ್ತಿ ಹಿಡಿದ, ಹೆಣದ ಮೂಳೆ ತೋರಿಸುವವನ ಹಾಗೆ. ಸೂಟ್‌ಕೇಸು, ಬಚ್ಚಲು, ಕಸದ ಶೆಡ್ಡು. ಇವನ್ನು ದೋಚಲು ನಾನು ಹೊಂಚು ಹಾಕಿದ್ದೆನಂತೆ.

ಅಕ್ಕ ನಡುವೆ ನುಗ್ಗಿದಳು. "ಅವನು ಏನೂ ಮಾಡಿಲ್ಲ! ಅಲ್ಲಿ ಯಜಮಾನರನ್ನ ಕೇಳಿ, ಅವರಿಗೆ ಗೊತ್ತು!"

ಪೊಲೀಸಿನವನು ಬರುವ ಹೊತ್ತಿಗೆ ಯಜಮಾನನೂ ಬಂದಿದ್ದ. ನನಗೆ ಜೀವ ಬಂತು. ಈ ಭೂಮಿಯ ಮೇಲೆ ನಿಜ ಗೊತ್ತಿದ್ದ ಹಳಿಯೀಚೆಯವನು ಅವನೊಬ್ಬನೇ.

"ಏನ್ ಸಾರ್, ಈ ಕೆಲಸದಲ್ಲಿ ಎರಡೆರಡು ಮಾಡ್ತಾರಾ?" ಪೊಲೀಸಿನವನು ಕೇಳಿದ.

ಯಜಮಾನ ನನ್ನನ್ನು ನೋಡಿದ. ಜನರನ್ನು ನೋಡಿದ. ಅವರೆಲ್ಲರ ಮನೆಯ ಕೀಗಳೂ ಅವನ ಪರದೆಯ ಹಿಂದೆ ಎರಡೆರಡಾಗಿ ಹುಟ್ಟಿದ್ದವು.

"ನಮ್ಮಲ್ಲಿ ಒಂದು ಕೇಳಿದ್ರೆ ಒಂದೇ" ಅಂದ.

ಠಾಣೆಯಲ್ಲಿ ಏನಾಯಿತು ಅಂತ ಬರೆಯುವುದಿಲ್ಲ. ನಮ್ಮ ಗಲ್ಲಿಯವರಿಗೆ ಗೊತ್ತು. ಉಳಿದವರಿಗೆ ಬೇಕಾಗಿಲ್ಲ. ಎಡಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ, ಅಷ್ಟು ಸಾಕು. ವೈಸು, ಅರ ಅಲ್ಲೇ ಉಳಿದವು. ನನ್ನನ್ನು ಬಿಟ್ಟದ್ದು ಯಾಕೆಂದರೆ ಏನೂ ಕಳುವಾಗಿರಲಿಲ್ಲ. ಟೀಚರಮ್ಮನ ಮನೆಯಲ್ಲಿ ಒಂದು ಸೂಜಿಯೂ ಹೋಗಿರಲಿಲ್ಲ. ಹೋಗಿದ್ದು ಅಕ್ಕನ ಕೆಲಸ. ಪೊರಕೆಯನ್ನೂ ಗೇಟಿನ ಹೊರಗೆ ಎಸೆದರಂತೆ, ಅವಳು ಮುಟ್ಟಿದ್ದು ಅಂತ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಬೀದಿಗೆ ಬೀದಿಯೇ ಬೀಗ ಬದಲಾಯಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ಇಲ್ಲಿ ಕೋಟೆ ಸೂರೆಯೇ ಹೋಗಿರಲಿಲ್ಲ. ಆದರೂ ಮನೆಮನೆಗೂ ಹೊಸ ಬೀಗ. ಬೀಗದ ಜೊತೆ ಬರುವ ಕೀ ಸಾಲದು, ಗಂಡನಿಗೊಂದು, ಮಗಳಿಗೊಂದು, ಅತ್ತೆಗೊಂದು. ಯಜಮಾನನ ಅಂಗಡಿಯ ಮುಂದೆ ಸಾಲು. ಪರದೆಯ ಹಿಂದೆ ಯಾರೂ ಇಲ್ಲ.

ಅವನೇ ಸ್ಕೂಟರಿನಲ್ಲಿ ಹಳಿ ದಾಟಿ ಬಂದ. ಒಳಗೆ ಬರಲಿಲ್ಲ. ಕರ್ಚೀಫು ಮೂಗಿಗೆ ಹಿಡಿದು ಹೊಸ್ತಿಲ ಆಚೆ ನಿಂತ.

"ಬಾ. ಆಗಿದ್ದು ಆಯ್ತು. ಠಾಣೆಯಲ್ಲಿ ಮಾತಾಡಿದ್ದೀನಿ, ನನ್ನ ಅಂಗಡೀಲಿದ್ರೆ ನಿನ್ನ ತಂಟೆಗೆ ಯಾರೂ ಬರಲ್ಲ. ಕೆಲಸ ರಾಶಿ ಬಿದ್ದಿದೆ."

"ಯಾವ ಕೆಲಸ?"

"ಕೀ ಮಾಡೋದು. ಇನ್ನೇನು, ಕವನ ಬರೆಯೋದಾ?"

"ಯಾರ ಮನೆ ಕೀ?"

ಇಬ್ಬರಿಗೂ ಗೊತ್ತಿತ್ತು. ನನಗೆ ಹೆದರಿ ಹಾಕಿಸಿದ ಬೀಗಗಳಿಗೆ ನಾನೇ ಕೀ ಕೊರೆಯಬೇಕು.

"ಒಂದು ಹಿಡಿದು ಮಾಡ್ಲಾ, ಎರಡು ಹಿಡಿದು ಮಾಡ್ಲಾ?" ಅಂತ ಕೇಳಿದೆ.

ಅವನಿಗೆ ನಾಚಿಕೆಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ. "ಎರಡು ಹಿಡಿದೇ ಮಾಡೋ. ಒಂದೇ ಹಿಡಿದ್ರೆ ನಡುಗುತ್ತೆ, ನಿನಗೆ ಗೊತ್ತಿಲ್ವಾ? ಹಲ್ಲು ಓರೆಯಾದ್ರೆ ಗಿರಾಕಿ ನನ್ನ ಬೈತಾರೆ."

"ಪರದೆ ತೆಗೀರಿ" ಅಂದೆ. "ಮುಂದೆ ಫ್ಯಾನಿನ ಕೆಳಗೆ ಕೂತು ಮಾಡ್ತೀನಿ. ಎಲ್ಲಾ ನೋಡ್ಲಿ. ಎರಡು ಯಾಕೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಆಗ ಬರ್ತೀನಿ."

"ತಲೆ ಕೆಟ್ಟಿದೆಯಾ? ಮಾರನೇ ದಿನ ಅಂಗಡಿ ಮುಚ್ಚಬೇಕಾಗುತ್ತೆ."

"ಹಾಗಾದ್ರೆ ಬರಲ್ಲ."

"ಉಪವಾಸ ಬೀಳ್ತೀಯ."

"ಬೀಳ್ತೀನಿ. ನನ್ನನ್ನ ಆಚೆ ನಿಲ್ಲಿಸೋ ಬೀಗಕ್ಕೆ ನಾನು ಕೀ ಮಾಡಿಕೊಡಲ್ಲ. ನಿಮ್ಮ ಕೈ ಇದೆಯಲ್ಲ, ನೀವೇ ಮಾಡ್ಕೊಳ್ಳಿ. ನಾಲಗೆ ಎತ್ತಿ ನೀವೇ ನೋಡ್ಕೊಳ್ಳಿ."

ಗಲ್ಲಿಯ ಬಾಗಿಲುಗಳಲ್ಲಿ ಮುಖಗಳು ಮೂಡಿದ್ದವು. ಯಾರೋ ಕಿಸಕ್ಕೆಂದರು. ಯಜಮಾನ ಸ್ಕೂಟರಿನ ಕಡೆ ತಿರುಗಿದ. ಅವನ ಬೆನ್ನು ನೋಡಿ, ಬದುಕಿನಲ್ಲಿ ಮೊದಲ ಸಲ, ನಾನು ಗೆದ್ದೆ ಅನ್ನಿಸಿತು.

"ಯಜಮಾನ್ರೇ."

ಅಪ್ಪ. ಮಂಚದಿಂದ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದ, ಎಡಗಣ್ಣಿಗೆ ಕಾಣುವುದಿಲ್ಲ. "ನಾನ್ ಬರ್ತೀನಿ."

"ಅಪ್ಪಾ, ಬೇಡ."

"ನೀನು ಸಿಟ್ಟು ಮಾಡ್ಕೊಂಡು ಕೂತಿರು ಮಗಾ. ಒಬ್ಬರಾದ್ರೂ ಮನೇಲಿ ಸಿಟ್ಟು ಮಾಡ್ಕೋಬೇಕು. ಅಕ್ಕ ಒಲೆ ಹಚ್ಚಬೇಕಲ್ಲ."

"ಕಣ್ಣು ಕಾಣಲ್ಲ ನಿನಗೆ!"

"ಅಲ್ಲಿ ಕಾಣೋಕೆ ಏನಿದೆ?"

ಸ್ಕೂಟರಿನಲ್ಲಿ ಕೂರಿಸಿಕೊಳ್ಳಲಿಲ್ಲ. ಯಜಮಾನ ಮುಂದೆ ನಿಧಾನವಾಗಿ ಓಡಿಸಿದ, ಅಪ್ಪ ಹಿಂದೆ ನಡೆದ. ಹಳಿ ದಾಟುವಾಗ ಎಡವಿದ. ನಾನು ಓಡಿ ಹಿಡಿಯಬಹುದಿತ್ತು. ಹಿಡಿದರೆ ಜೊತೆಗೆ ಹೋಗಬೇಕಾಗುತ್ತಿತ್ತು. ನಿಂತೆ.

ಅಪ್ಪ ಸಂಜೆ ಬಂದ. ಹುಬ್ಬಿನ ಮೇಲೆ ಹಿತ್ತಾಳೆ ಪುಡಿ. ಒಳ್ಳೆಯ ಕಣ್ಣು ಕೆಂಪಗೆ ಉರಿಯುತ್ತಿತ್ತು. ಹೊಸ್ತಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಚಾಚಿದ. ಬೆರಳುಗಳನ್ನು ಅಗಲಿಸಿದ. ಆಮೇಲೆ ಬಾಯಿ ತೆರೆದ.

"ಅಪ್ಪಾ, ಮನೆ ಇದು" ಅಂದಳು ಅಕ್ಕ.

ಅಪ್ಪ ಕೇಳಿಸಿಕೊಳ್ಳಲಿಲ್ಲ. ಅಲ್ಲೇ ನಿಂತಿದ್ದ, ಯಾರಾದರೂ 'ಸರಿ, ಹೋಗು' ಅನ್ನಲಿ ಅಂತ ಕಾಯುತ್ತ. ನಾನು ಹೋಗಿ ಆ ಕೈಗಳನ್ನು ಹಿಡಿದೆ. ಒಂದೊಂದೇ ಬೆರಳು ಮಡಚಿ ಮುಷ್ಟಿ ಮಾಡಿದೆ. ಬಿಟ್ಟೆ.

ಮತ್ತೆ ಬಿಚ್ಚಿಕೊಂಡವು.